ದೂರ ಮತ್ತು ಹೊತ್ತು: ಎರಡು ವಿಮಾನ ನಿಲ್ದಾಣಗಳ ನಡುವಣ ದಾರಿಯ ಒಂದು ಅಧ್ಯಯನ

ಲೋಕವ್ಯವಹಾರದಲ್ಲಿ ದಾರಿಯನ್ನು ಕುರಿತು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ‘ಎಷ್ಟು ದೂರ?’ ಎಂಬುದು ಮೊದಲನೆಯದು, ‘ಎಷ್ಟು ಹೊತ್ತು?’ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ತಿಳಿದರೆ ಎರಡನೆಯದಕ್ಕೂ ಉತ್ತರ ತಾನಾಗಿ ದೊರೆಯಿತೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆಯೇ ಪ್ರಯಾಣದ ಬಹುಪಾಲು ತೊಂದರೆಗಳಿಗೆ ಮೂಲ. ರೈಲು ತಪ್ಪಿದವನೂ ವಿಮಾನ ತಪ್ಪಿದವನೂ ಸಾಮಾನ್ಯವಾಗಿ ದೂರವನ್ನು ತಿಳಿಯದವನಲ್ಲ. ದೂರವನ್ನು ತಿಳಿದು ಹೊತ್ತನ್ನು ತಿಳಿಯದವನು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಕ್ಕಳು ಇಂದು ವಿದ್ಯೆಗಾಗಿ, ಉದ್ಯೋಗಕ್ಕಾಗಿ ದೇಶದ ನಾನಾ ಭಾಗಗಳಿಗೂ ಪರದೇಶಗಳಿಗೂ ತೆರಳುತ್ತಿದ್ದಾರೆ. ಸಂದರ್ಶನದ ದಿನ, ಕಾಲೇಜು ಸೇರುವ ದಿನ, ಕೆಲಸಕ್ಕೆ ಹಾಜರಾಗುವ ದಿನ ಇವು ಯಾರಿಗಾಗಿಯೂ ಕಾಯುವುದಿಲ್ಲ. ಆದಕಾರಣ ಈ ಎರಡು ಪ್ರಶ್ನೆಗಳ ಭೇದವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಅರಿಯುವುದು ಯುಕ್ತ. ಅದಕ್ಕೆ ದೃಷ್ಟಾಂತವಾಗಿ ಈ ಸೀಮೆಯ ಇಕ್ಕೆಲಗಳಲ್ಲಿರುವ ಎರಡು ವಿಮಾನ ನಿಲ್ದಾಣಗಳನ್ನು, ಅಂದರೆ ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನೂ ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣವನ್ನೂ, ಇಲ್ಲಿ ತೆಗೆದುಕೊಳ್ಳಲಾಗಿದೆ.

ಶಬ್ದವಿಚಾರ

ಅಳತೆಯ ಮಾತುಗಳನ್ನು ಪರಿಶೀಲಿಸಿದರೆ ಪೂರ್ವಿಕರ ದೃಷ್ಟಿ ಸ್ಪಷ್ಟವಾಗುತ್ತದೆ. ಸಂಸ್ಕೃತದ ‘ಕ್ರೋಶ’ ಎಂಬುದು ‘ಕೂಗು’ ಎಂಬ ಅರ್ಥದ ಧಾತುವಿನಿಂದ ಬಂದುದು. ಒಬ್ಬನ ಕೂಗು ಎಷ್ಟು ದೂರ ಕೇಳಿಸುವುದೋ ಅಷ್ಟು ಎಂಬುದು ಅದರ ಮೂಲಾರ್ಥ. ಅಚ್ಚಗನ್ನಡದ ‘ಕೂಗಳತೆ’ ಎಂಬ ಮಾತೂ ಇದೇ ಭಾವವನ್ನು ಹೇಳುತ್ತದೆ. ನಾಲ್ಕು ಕ್ರೋಶಗಳಿಗೆ ಒಂದು ಯೋಜನವೆಂದು ಶಾಸ್ತ್ರಗ್ರಂಥಗಳ ಲೆಕ್ಕ. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಗಾವುದ’ವು ‘ಗವ್ಯೂತಿ’ಯ ತದ್ಭವ, ಅದರಲ್ಲಿ ‘ಗೋ’ ಅಂದರೆ ಹಸುವಿನ ಹೆಸರು ಅಡಗಿದೆ. ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಹರದಾರಿ’ಯನ್ನು ಸುಮಾರು ಮೂರು ಮೈಲಿಯೆಂದು ಎಣಿಸುವುದು ರೂಢಿ. ಇವೆಲ್ಲವೂ ಕಲ್ಲು ನೆಟ್ಟು ಅಳೆದ ಅಳತೆಗಳಲ್ಲ. ಮನುಷ್ಯನ ಕೊರಳನ್ನೂ ಕಾಲನ್ನೂ ಅವನ ದನಕರುಗಳನ್ನೂ ಆಧಾರವಾಗಿಟ್ಟುಕೊಂಡು ಹುಟ್ಟಿದ ಅಳತೆಗಳು.

ಕಾಲದ ಮಾತುಗಳೂ ಹೀಗೆಯೇ. ‘ಹೊತ್ತು’ ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಎಂಬ ಪ್ರಯೋಗಗಳು ಇಂದಿಗೂ ಜೀವಂತವಾಗಿವೆ. ‘ಗಳಿಗೆ’ಯು ‘ಘಟಿಕಾ’ ಶಬ್ದದ ತದ್ಭವ. ನೀರಿನ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದ ಪದ್ಧತಿಯ ಗುರುತು. ಅರುವತ್ತು ಗಳಿಗೆಗಳಿಗೆ ಒಂದು ದಿನವಾದುದರಿಂದ ಒಂದು ಗಳಿಗೆಯೆಂದರೆ 24 ನಿಮಿಷ. ‘ಜಾವ’ವು ‘ಯಾಮ’ದ ತದ್ಭವ, ಅದರ ಪ್ರಮಾಣ ಮೂರು ಗಂಟೆ, ಅರ್ಥಾತ್ ಏಳೂವರೆ ಗಳಿಗೆ. ‘ಯಾಮ’ ಎಂಬ ಶಬ್ದದ ಧಾತ್ವರ್ಥ ‘ಹೋಗುವಿಕೆ’ ಎಂಬುದು ಇಲ್ಲಿ ಗಮನಾರ್ಹ. ಕಾಲವನ್ನು ಹೇಳುವ ಮಾತಿನಲ್ಲಿಯೇ ನಡಿಗೆ ಸೇರಿಕೊಂಡಿದೆ.

ಹಳ್ಳಿಯ ಹಿರಿಯರನ್ನು ‘ಆ ಊರು ಎಷ್ಟು ದೂರ?’ ಎಂದು ಕೇಳಿದರೆ, ‘ಒಂದು ಜಾವದ ಹಾದಿ’ ಎಂದೋ, ‘ಬೆಳಿಗ್ಗೆ ಹೊರಟರೆ ಉಂಬೊತ್ತಿಗೆ ಮುಟ್ಟಬಹುದು’ ಎಂದೋ ಉತ್ತರ ಕೊಡುತ್ತಿದ್ದರು. ದೂರವನ್ನು ಕೇಳಿದರೆ ಹೊತ್ತನ್ನು ಹೇಳಿದರೆಂದು ಓದಿದವರು ನಕ್ಕುದುಂಟು. ಆದರೆ ಆ ಉತ್ತರದಲ್ಲಿ ದಾರಿಯ ಏರಿಳಿತ, ಹೊಳೆಯ ದಾಟು, ಬಿಸಿಲಿನ ತಾಪ, ನಡೆಯುವವನ ಶಕ್ತಿ ಎಲ್ಲವೂ ಸೇರಿರುತ್ತಿತ್ತು. ಹೊರಡುವವನಿಗೆ ಬೇಕಾದುದು ಆ ಉತ್ತರವೇ ಹೊರತು ಬರಿಯ ಮೈಲಿಗಳ ಸಂಖ್ಯೆಯಲ್ಲ.

ಆಕಾಶದ ಅಳತೆ

ಈಗ ಎರಡು ನಿಲ್ದಾಣಗಳ ನಡುವಣ ನೇರ ದೂರವನ್ನು ನೋಡೋಣ. ಇದನ್ನು ‘ವಾಯುಮಾರ್ಗದ ದೂರ’ ಎನ್ನುವರು. ಭೂಪಟದ ಅಕ್ಷಾಂಶ ರೇಖಾಂಶಗಳು ತಿಳಿದರೆ ಪ್ರೌಢಶಾಲೆಯ ವಿದ್ಯಾರ್ಥಿಯೇ ಇದನ್ನು ಗುಣಿಸಿ ಕಂಡುಕೊಳ್ಳಬಹುದು. ಕೆಂಪೇಗೌಡ ನಿಲ್ದಾಣವು ಉತ್ತರ ಅಕ್ಷಾಂಶ 13 ಡಿಗ್ರಿ 12 ಮಿನಿಟು, ಪೂರ್ವ ರೇಖಾಂಶ 77 ಡಿಗ್ರಿ 42 ಮಿನಿಟಿನ ಸನಿಹದಲ್ಲಿದೆ. ಮಂಡಕಳ್ಳಿಯ ನಿಲ್ದಾಣವು ಉತ್ತರ ಅಕ್ಷಾಂಶ 12 ಡಿಗ್ರಿ 14 ಮಿನಿಟು, ಪೂರ್ವ ರೇಖಾಂಶ 76 ಡಿಗ್ರಿ 39 ಮಿನಿಟಿನ ಬಳಿಯಿದೆ. ಅಕ್ಷಾಂಶಗಳ ವ್ಯತ್ಯಾಸ 58 ಮಿನಿಟು. ರೇಖಾಂಶಗಳ ವ್ಯತ್ಯಾಸ 63 ಮಿನಿಟು.

ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರು. ನಾವಿಕರೂ ವಿಮಾನ ಚಾಲಕರೂ ಬಳಸುವ ನಾಟಿಕಲ್ ಮೈಲಿ ಹುಟ್ಟಿದುದು ಈ ಅಳತೆಯಿಂದಲೇ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುವುದರಿಂದ ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಮಿನಿಟು ತುಸು ಕಿರಿದಾಗಿ 1.81 ಕಿಲೋಮೀಟರಾಗುತ್ತದೆ. ಅಂತೆಯೇ ಉತ್ತರ ದಕ್ಷಿಣವಾಗಿ 107 ಕಿಲೋಮೀಟರು, ಪೂರ್ವ ಪಶ್ಚಿಮವಾಗಿ 114 ಕಿಲೋಮೀಟರು ದೊರೆಯಿತು. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿದರೆ ಕರ್ಣವೇ ಬೇಕಾದ ದೂರ. 107ರ ವರ್ಗ 11,449, 114ರ ವರ್ಗ 12,996, ಮೊತ್ತ 24,445, ಅದರ ವರ್ಗಮೂಲ ಸುಮಾರು 156. ಆದುದರಿಂದ ಎರಡು ನಿಲ್ದಾಣಗಳ ನಡುವಣ ನೇರ ದೂರ ಸುಮಾರು 156 ಕಿಲೋಮೀಟರು, ಅಂದರೆ 97 ಮೈಲಿ, ಅಥವಾ 84 ನಾಟಿಕಲ್ ಮೈಲಿ.

ಈ ಪ್ರಮಾಣ ಎಷ್ಟೆಂದು ಮನಸ್ಸಿಗೆ ತಟ್ಟಬೇಕಾದರೆ ಈ ಸೀಮೆಯದೇ ಒಂದು ಸಂಗತಿಯನ್ನು ನೆನೆಯಬಹುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಆ ತಂತಿಯ ಉದ್ದ ಸುಮಾರು 147 ಕಿಲೋಮೀಟರು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದೆಂದು ಹೆಸರಾಯಿತು. ಎರಡು ನಿಲ್ದಾಣಗಳ ನಡುವಣ ದೂರವು ಅದಕ್ಕಿಂತ ಸ್ವಲ್ಪವೇ ಹೆಚ್ಚು.

ಇನ್ನೊಂದು ವಿಶೇಷ. ಭೂಪಟದಲ್ಲಿ ಈ ಎರಡು ನಿಲ್ದಾಣಗಳನ್ನು ಕೂಡಿಸುವ ಸರಳರೇಖೆಯನ್ನು ಎಳೆದರೆ ಅದು ಮದ್ದೂರಿನ ತೀರ ಸಮೀಪದಲ್ಲಿಯೇ ಹಾದುಹೋಗುತ್ತದೆ. ಮಂಡ್ಯ ನಗರವು ಆ ರೇಖೆಗೆ ಪಶ್ಚಿಮದಲ್ಲಿ ನಾಲ್ಕೈದು ಕಿಲೋಮೀಟರುಗಳಲ್ಲಿಯೂ, ಮಳವಳ್ಳಿಯು ಪೂರ್ವದಲ್ಲಿ ಸುಮಾರು 18 ಕಿಲೋಮೀಟರುಗಳಲ್ಲಿಯೂ ಉಳಿಯುತ್ತವೆ. ವಿಮಾನಗಳು ಯಾವಾಗಲೂ ಈ ರೇಖೆಯ ಮೇಲೆಯೇ ಹಾರುವುದಿಲ್ಲ. ಅವುಗಳಿಗೆ ನಿಯಮಿತವಾದ ವಾಯುಪಥಗಳಿವೆ. ಆದರೂ ಈ ಎರಡು ನಿಲ್ದಾಣಗಳ ನಡುವೆ ಇರುವ ಸೀಮೆ ಯಾವುದೆಂಬುದು ಈ ರೇಖೆಯಿಂದ ನಿಸ್ಸಂಶಯವಾಗಿ ತಿಳಿಯುತ್ತದೆ.

ವಾಯುಮಾರ್ಗದ ದೂರವು ಕೇವಲ ಗಣಿತದ ವಿಷಯವೂ ಅಲ್ಲ. ಬೆಂಗಳೂರಿನ ಹೊಸ ನಿಲ್ದಾಣದ ನಿರ್ಮಾಣಕ್ಕಾಗಿ ಕೇಂದ್ರ ಸರ್ಕಾರದೊಡನೆ 2004ರಲ್ಲಿ ಆದ ಒಪ್ಪಂದದಲ್ಲಿ ಒಂದು ನಿಬಂಧನೆಯುಂಟು. ಆ ನಿಲ್ದಾಣದಿಂದ ವಾಯುಮಾರ್ಗದಲ್ಲಿ 150 ಕಿಲೋಮೀಟರುಗಳ ಒಳಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣವನ್ನು 25 ವರ್ಷಗಳು ತುಂಬುವವರೆಗೆ ಬೆಳೆಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಮೈಸೂರು ಮತ್ತು ಹಾಸನಗಳಿಗೆ ಮಾತ್ರ ಹೆಸರಿಸಿ ವಿನಾಯಿತಿ ಕೊಡಲಾಗಿದೆ. ನಿಲ್ದಾಣ ಆರಂಭವಾದುದು 2008ರ ಮೇ ತಿಂಗಳಲ್ಲಿ. ಆದುದರಿಂದ ಈ ಅವಧಿ 2033ರವರೆಗೆ ನಡೆಯುತ್ತದೆ. ಮದ್ದೂರು ಆ ನಿಲ್ದಾಣದಿಂದ ನೇರ ದೂರದಲ್ಲಿ ಸುಮಾರು 99 ಕಿಲೋಮೀಟರು. ಮಂಡ್ಯ ಮತ್ತು ಮಳವಳ್ಳಿಗಳೆರಡೂ ಹೆಚ್ಚುಕಡಿಮೆ 115 ಕಿಲೋಮೀಟರು. ಮೂರೂ ಊರುಗಳು ಆ ವೃತ್ತದ ಒಳಗೇ ಇವೆ. ಭೂಪಟದ ಮೇಲೆ ಕೈವಾರದಿಂದ ಎಳೆದ ಒಂದು ವೃತ್ತವು ಎಷ್ಟೋ ಲಕ್ಷ ಜನರ ಪ್ರಯಾಣದ ಮೇಲೆ ಪರಿಣಾಮ ಬೀರಬಲ್ಲದೆಂಬುದಕ್ಕೆ ಇದು ನಿದರ್ಶನ.

ಹಾರಾಟದ ಹೊತ್ತು

ಮೈಸೂರಿನಂತಹ ಸಣ್ಣ ನಿಲ್ದಾಣಗಳಿಗೆ ಬರುವ ಎರಡು ಪಂಖಗಳ ಎಟಿಆರ್ ವಿಮಾನವು ಮೇಲೇರಿದ ಬಳಿಕ ಗಂಟೆಗೆ ಸುಮಾರು 500 ಕಿಲೋಮೀಟರು ವೇಗದಿಂದ ಸಾಗುತ್ತದೆ. ಮಂಡಕಳ್ಳಿಯ ಓಡುದಾರಿಯ ಉದ್ದ 1,740 ಮೀಟರು ಮಾತ್ರ. ಪಕ್ಕದಲ್ಲಿಯೇ ನಂಜನಗೂಡಿನ ಹೆದ್ದಾರಿಯೂ ರೈಲುದಾರಿಯೂ ಇರುವುದರಿಂದ ಅದನ್ನು ಹಿಗ್ಗಿಸುವುದು ಸುಲಭವಲ್ಲ. ದೊಡ್ಡ ಜೆಟ್ ವಿಮಾನಗಳಿಗೆ ಅಷ್ಟು ಉದ್ದ ಸಾಲದು. ಸಂಸ್ಥಾನದ ಕಾಲದಿಂದ ಇದ್ದ ಈ ನಿಲ್ದಾಣಕ್ಕೆ 2010ರ ಮೇ ತಿಂಗಳಲ್ಲಿ ಹೊಸ ಕಟ್ಟಡವಾಯಿತು. ಅಲ್ಲಿಂದೀಚೆಗೆ ಬೆಂಗಳೂರಿಗೂ ಮೈಸೂರಿಗೂ ನಡುವೆ ವಿಮಾನ ಸಂಚಾರವು ಆರಂಭವಾಗುವುದು, ನಿಲ್ಲುವುದು, ಮತ್ತೆ ಆರಂಭವಾಗುವುದು ಎಂಬ ಕ್ರಮದಲ್ಲಿ ಹಲವು ಬಾರಿ ನಡೆಯಿತು. ಅದಕ್ಕೆ ಕಾರಣವನ್ನು ಗಣಿತವೇ ಹೇಳುತ್ತದೆ.

156 ಕಿಲೋಮೀಟರನ್ನು ಗಂಟೆಗೆ 500 ಕಿಲೋಮೀಟರು ವೇಗದಿಂದ ಕ್ರಮಿಸಲು ಬೇಕಾಗುವುದು ಸುಮಾರು 19 ನಿಮಿಷ. ಒಂದು ಗಳಿಗೆಗೂ ಕಡಿಮೆ. ಆದರೆ ವೇಳಾಪಟ್ಟಿಗಳಲ್ಲಿ ಇಂತಹ ಹಾರಾಟಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಕಾಲ ಇಟ್ಟಿರುತ್ತಾರೆ. ವಿಮಾನವು ನಿಂತ ಸ್ಥಳದಿಂದ ಓಡುದಾರಿಯವರೆಗೆ ನಿಧಾನವಾಗಿ ಉರುಳಬೇಕು. ತನ್ನ ಸರದಿಗಾಗಿ ನಿಲ್ಲಬೇಕು. ಮೇಲೇರುವಾಗ ಪೂರ್ಣ ವೇಗವಿರುವುದಿಲ್ಲ. ಇಳಿಯುವಾಗ ಗಾಳಿಯ ದಿಕ್ಕನ್ನು ನೋಡಿ ಸುತ್ತಿ ಬರಬೇಕು. ಇಳಿದ ಮೇಲೆ ಮತ್ತೆ ಉರುಳಬೇಕು. ಇವೆಲ್ಲ ಸಾವಿರ ಕಿಲೋಮೀಟರಿನ ಹಾರಾಟಕ್ಕೂ ಅಷ್ಟೇ, ನೂರೈವತ್ತು ಕಿಲೋಮೀಟರಿನದಕ್ಕೂ ಅಷ್ಟೇ. ಮೂಟೆ ಕಟ್ಟುವ ಶ್ರಮ ದಾರಿ ಚಿಕ್ಕದಾಯಿತೆಂದು ಕಡಿಮೆಯಾಗುವುದಿಲ್ಲವಷ್ಟೆ.

ಪ್ರಯಾಣಿಕನ ಹೊತ್ತು ಇಷ್ಟಕ್ಕೇ ಮುಗಿಯುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕೆಂಬುದು ಸಾಮಾನ್ಯ ಸೂಚನೆ. ದೇಶದೊಳಗಿನ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಸಾಮಾನು ಒಪ್ಪಿಸುವ ಕಿಂಡಿಯನ್ನು ಸಾಮಾನ್ಯವಾಗಿ ಮುಚ್ಚುತ್ತಾರೆ. ಮೈಸೂರಿನ ಮನೆಯಿಂದ ಮಂಡಕಳ್ಳಿಗೆ ಅರ್ಧ ಗಂಟೆ, ಅಲ್ಲಿ ಕಾಯಲು ಎರಡು ಗಂಟೆ, ಹಾರಾಟಕ್ಕೆ ಒಂದು ಗಂಟೆ ಎಂದು ಎಣಿಸಿದರೆ ಮೂರೂವರೆ ಗಂಟೆಯಾಯಿತು. ನೆಲದ ದಾರಿಯಲ್ಲಿ ಬಸ್ಸಿನಲ್ಲಿ ಬರುವವನು ಸುಮಾರು ನಾಲ್ಕು ಗಂಟೆಯಲ್ಲಿ ಅದೇ ನಿಲ್ದಾಣವನ್ನು ಸೇರುತ್ತಾನೆ. ಐದು ಪಟ್ಟು ವೇಗದ ವಾಹನ, ಆದರೆ ಉಳಿದುದು ಅರ್ಧ ಗಂಟೆ!

ಮದ್ದೂರಿನವನ ಪಾಡು ಇನ್ನೂ ವಿಚಿತ್ರ. ದೇವನಹಳ್ಳಿಗೆ ಹೋಗಬೇಕಾದ ಅವನು ವಿಮಾನವನ್ನೇ ಹಿಡಿಯುವೆನೆಂದು ಹೊರಟರೆ, ಮೊದಲು ಪಶ್ಚಿಮಾಭಿಮುಖವಾಗಿ ಸುಮಾರು 75 ಕಿಲೋಮೀಟರು ಹಿಂದಕ್ಕೆ ಹೋಗಿ ಮಂಡಕಳ್ಳಿಯನ್ನು ಸೇರಿ, ಅಲ್ಲಿ ಎರಡು ಗಂಟೆ ಕಾದು, ಕಡೆಗೆ ತನ್ನ ಊರಿನ ಮೇಲಿನಿಂದಲೇ ಹಾರಿ ಹೋಗಬೇಕಾದೀತು. ನಡುವಣ ಊರಿನವರಿಗೆ ಎರಡು ತುದಿಗಳ ನಡುವಣ ದೂರದಿಂದ ಪ್ರಯೋಜನವಿಲ್ಲ. ಅವರವರ ಹೊಸ್ತಿಲಿನಿಂದ ಒಂದು ತುದಿಗೆ ಎಷ್ಟು ಹೊತ್ತು ಎಂಬುದೇ ಅವರ ಪ್ರಶ್ನೆ.

ನೆಲದ ದಾರಿ

ನೆಲದ ಮೇಲೆ ಈ ಎರಡು ನಿಲ್ದಾಣಗಳ ನಡುವೆ ಸುಮಾರು 185 ಕಿಲೋಮೀಟರುಗಳಿವೆ. ದಿನಕ್ಕೆ ಆರು ಹರದಾರಿ, ಅಂದರೆ ಸುಮಾರು 29 ಕಿಲೋಮೀಟರು ನಡೆಯುವ ದಾರಿಗನಿಗೆ ಇದು ಆರು ದಿನ ಮುಗಿದು ಏಳನೆಯ ದಿನಕ್ಕೆ ಕಾಲಿಡುವ ಪಯಣ. ಬೆಂಗಳೂರಿನಿಂದ ಹೊರಟ ರೈಲುದಾರಿ ಮದ್ದೂರು ಮಂಡ್ಯಗಳನ್ನು ಹಾಯ್ದು ಮೈಸೂರನ್ನು ಮುಟ್ಟಿದುದು 1882ರಲ್ಲಿ. ದಿನಗಳ ಲೆಕ್ಕ ಅಂದಿನಿಂದ ಗಂಟೆಗಳ ಲೆಕ್ಕಕ್ಕೆ ಇಳಿಯಿತು. 2022ರ ನವೆಂಬರ್ 11ರಂದು ಆರಂಭವಾದ ಚೆನ್ನೈ-ಮೈಸೂರು ವಂದೇ ಭಾರತ್ ರೈಲು ಬೆಂಗಳೂರು-ಮೈಸೂರುಗಳ ನಡುವಣ ಸುಮಾರು 138 ಕಿಲೋಮೀಟರನ್ನು ಎರಡು ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ.

ಹೆದ್ದಾರಿಯ ಬದಲಾವಣೆ ಇದಕ್ಕಿಂತಲೂ ದೊಡ್ಡದು. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಲೋಕಾರ್ಪಣೆಗೊಂಡಿತು. ಅದರ ಉದ್ದ ಸುಮಾರು 119 ಕಿಲೋಮೀಟರು. ನಡುವೆ ವೇಗದ ವಾಹನಗಳಿಗೆ ಆರು ಪಥಗಳು. ಇಕ್ಕೆಲಗಳಲ್ಲಿ ಸ್ಥಳೀಯರಿಗಾಗಿ ಎರಡೆರಡು ಸೇವಾಪಥಗಳು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಊರುಗಳನ್ನು ಮುಖ್ಯಪಥವು ಬಳಸಿಕೊಂಡು ಹೋಗುತ್ತದೆ. ಮೂರು ಗಂಟೆಯ ದಾರಿ ಎಪ್ಪತ್ತೈದು ನಿಮಿಷಕ್ಕೆ ಇಳಿಯಿತೆಂದು ಅಂದು ಸಾರಲಾಯಿತು. ಹೆದ್ದಾರಿಯ ಮಟ್ಟಿಗೆ ಆ ಮಾತು ಸರಿಯೇ. ಆದರೆ ಅದು ಹೆದ್ದಾರಿಯ ಎರಡು ತುದಿಗಳ ನಡುವಣ ಹೊತ್ತು. ಮನೆಯ ಬಾಗಿಲಿನಿಂದ ನಿಲ್ದಾಣದ ಬಾಗಿಲಿನವರೆಗಿನ ಹೊತ್ತಲ್ಲ. ಕೆಂಗೇರಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಇನ್ನೂ ಸುಮಾರು 50 ಕಿಲೋಮೀಟರುಗಳಿವೆ. ಬೆಂಗಳೂರಿನ ವಾಹನಗಳ ದಟ್ಟಣೆಯಲ್ಲಿ ಆ ಐವತ್ತು ಕಿಲೋಮೀಟರು ಹೆದ್ದಾರಿಯ ನೂರ ಹತ್ತೊಂಬತ್ತಕ್ಕಿಂತ ಹೆಚ್ಚು ಹೊತ್ತನ್ನು ನುಂಗುವುದು ಸಾಮಾನ್ಯ.

ಮಂಡ್ಯ ಮತ್ತು ಮಳವಳ್ಳಿಗಳನ್ನು ಇಲ್ಲಿ ಹೋಲಿಸಿ ನೋಡಬೇಕು. ಕೆಂಪೇಗೌಡ ನಿಲ್ದಾಣದಿಂದ ನೇರ ದೂರದಲ್ಲಿ ಇವೆರಡೂ ಸಮಾನವೆಂದು ಮೇಲೆ ಹೇಳಿತು. ಆದರೆ ಮಂಡ್ಯಕ್ಕೆ ರೈಲು ಉಂಟು, ಹೆದ್ದಾರಿಯೂ ಪಕ್ಕದಲ್ಲಿದೆ. ಮಳವಳ್ಳಿಗೆ ರೈಲುದಾರಿಯಿಲ್ಲ. ಅಲ್ಲಿಯವರು ಮದ್ದೂರಿಗೆ ಬಂದು ಹೆದ್ದಾರಿಯನ್ನೋ ರೈಲನ್ನೋ ಹಿಡಿಯಬೇಕು; ಇಲ್ಲವೆ ಹಲಗೂರು, ಸಾತನೂರು, ಕನಕಪುರಗಳ ಮೂಲಕ ಬೆಂಗಳೂರನ್ನು ಸೇರಬೇಕು. ಭೂಪಟದ ದೂರ ಒಂದೇ; ಪ್ರಯಾಣದ ಹೊತ್ತು ಬೇರೆ ಬೇರೆ. ದೂರವು ನೆಲದ ಗುಣ, ಹೊತ್ತು ದಾರಿಯ ಗುಣ ಎಂಬ ಸೂತ್ರವು ಇದರಿಂದ ಸಿದ್ಧವಾಗುತ್ತದೆ.

ದಾರಿ ಎಲ್ಲರಿಗೂ ಒಂದೇ ಬಗೆಯಾಗಿಯೂ ಇರುವುದಿಲ್ಲ. ಅಪಘಾತಗಳು ಹೆಚ್ಚಿದ ಕಾರಣ 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು ಮುಂತಾದ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಪ್ರಾಣರಕ್ಷಣೆಯ ದೃಷ್ಟಿಯಿಂದ ಈ ಕ್ರಮ ಸರಿಯಾದುದೇ. ಆದರೆ ಈ ಜಿಲ್ಲೆಯ ರೈತನ ವಾಹನ ಟ್ರ್ಯಾಕ್ಟರು, ಅವನ ಮಗನ ವಾಹನ ಬೈಕು. ತನ್ನ ಊರಿನ ನೆಲದ ಮೇಲೆ ಹಾದುಹೋದ ಹೆದ್ದಾರಿಯಲ್ಲಿ ಅವನಿಗೆ ಉಳಿದುದು ಬದಿಯ ದಾರಿ. ಮದ್ದೂರಿನ ವಡೆಯಂಗಡಿಗಳ ಮುಂದೆಯೂ, ಚನ್ನಪಟ್ಟಣದ ಬೊಂಬೆಯಂಗಡಿಗಳ ಮುಂದೆಯೂ ನಿಲ್ಲುತ್ತಿದ್ದ ವಾಹನಗಳು ಈಗ ಊರನ್ನು ಕಾಣದೆಯೇ ಸಾಗುತ್ತವೆ. ತುದಿಗಳು ಹತ್ತಿರವಾದಾಗ ನಡುವಣ ಊರುಗಳು ದೂರವಾಗುವ ಸಂಭವವುಂಟೆಂಬುದನ್ನು ಮಾರ್ಗಗಳನ್ನು ಯೋಜಿಸುವವರು ಮರೆಯಬಾರದು.

ವೇಗ ಮತ್ತು ಮುಂಜಾಗ್ರತೆ

ತಡವಾಗಿ ಹೊರಟವನು ವೇಗದಿಂದ ಆ ತಡವನ್ನು ತುಂಬಿಕೊಳ್ಳುವೆನೆಂದು ಹವಣಿಸುತ್ತಾನೆ. ಈ ಹವಣಿಕೆಯ ಬೆಲೆಯೆಷ್ಟೆಂದು ಲೆಕ್ಕ ಹಾಕಿ ನೋಡಬೇಕು. ದಶಪಥದಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. 119 ಕಿಲೋಮೀಟರನ್ನು ಈ ವೇಗದಲ್ಲಿ ಎಡೆಬಿಡದೆ ಕ್ರಮಿಸಿದರೆ 71 ನಿಮಿಷ ಬೇಕು. ನಿಯಮವನ್ನು ಮುರಿದು 120 ಕಿಲೋಮೀಟರು ವೇಗದಲ್ಲಿ ಓಡಿಸಿದರೆ 59 ನಿಮಿಷ ಹಿಡಿಯುತ್ತದೆ. ಉಳಿದುದು ಕೇವಲ 12 ನಿಮಿಷ, ಅಂದರೆ ಅರ್ಧ ಗಳಿಗೆ! ಮದ್ದೂರಿನಿಂದ ಕೆಂಗೇರಿಯವರೆಗಿನ ಸುಮಾರು 65 ಕಿಲೋಮೀಟರಿಗೆ ಇದೇ ಲೆಕ್ಕ ಹಿಡಿದರೆ ಉಳಿಯುವುದು ಆರೂವರೆ ನಿಮಿಷ. ಹೆಬ್ಬಾಳದ ಬಳಿ ಒಮ್ಮೆ ವಾಹನಗಳು ನಿಂತರೆ ಆ ಆರೂವರೆ ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟು ಅಲ್ಪವಾದ ಹೊತ್ತಿಗಾಗಿ ತನ್ನ ಪ್ರಾಣವನ್ನೂ ಪರರ ಪ್ರಾಣವನ್ನೂ ಪಣವಿಡುವುದು ವಿವೇಕಿಯ ಲಕ್ಷಣವಲ್ಲ.

ವೇಗದಿಂದ ಸಿಗದ ಹೊತ್ತು ಮುಂಚೆ ಹೊರಡುವುದರಿಂದ ಸಿಗುತ್ತದೆ. ಅದಕ್ಕೆ ಲೆಕ್ಕವನ್ನು ಹಿಂದುಮುಂದಾಗಿ, ಎಂದರೆ ಗುರಿಯಿಂದ ಮನೆಯ ಕಡೆಗೆ ಮಾಡಬೇಕು. ಉದಾಹರಣೆಗೆ, ಮಳವಳ್ಳಿಯ ತರುಣನೊಬ್ಬ ಸಂಜೆ ಆರು ಗಂಟೆಗೆ ದೇವನಹಳ್ಳಿಯಿಂದ ಹೊರಡುವ, ದೇಶದೊಳಗಿನ ವಿಮಾನವನ್ನು ಹಿಡಿಯಬೇಕೆಂದು ಇಟ್ಟುಕೊಳ್ಳೋಣ. ಎರಡು ಗಂಟೆ ಮುಂಚೆ, ಅಂದರೆ ನಾಲ್ಕಕ್ಕೆ ಅವನು ನಿಲ್ದಾಣದಲ್ಲಿರಬೇಕು. ಕೆಂಗೇರಿಯಿಂದ ನಿಲ್ದಾಣಕ್ಕೆ ಎರಡೂವರೆ ಗಂಟೆ ಇಟ್ಟುಕೊಂಡರೆ ಒಂದೂವರೆಗೆ ಕೆಂಗೇರಿಯಲ್ಲಿರಬೇಕು. ಮದ್ದೂರಿನಿಂದ ಕೆಂಗೇರಿಗೆ ಐವತ್ತು ನಿಮಿಷವಾದುದರಿಂದ ಹನ್ನೆರಡು ನಲವತ್ತಕ್ಕೆ ಮದ್ದೂರನ್ನು ಬಿಡಬೇಕು. ಮದ್ದೂರಿನಲ್ಲಿ ವಾಹನ ಬದಲಿಸಲು ಅರ್ಧ ಗಂಟೆ, ಮಳವಳ್ಳಿಯಿಂದ ಮದ್ದೂರಿಗೆ ಮುಕ್ಕಾಲು ಗಂಟೆ, ಹನ್ನೊಂದು ಇಪ್ಪತ್ತೈದಾಯಿತು. ಚಕ್ರದ ಗಾಳಿ ಹೋಗುವುದು, ಮಳೆ ಸುರಿಯುವುದು, ದಾರಿಯಲ್ಲಿ ಮೆರವಣಿಗೆ ಎದುರಾಗುವುದು ಮುಂತಾದ ಅನಿರೀಕ್ಷಿತಗಳಿಗೆ ಒಂದು ಗಳಿಗೆ ಮೀಸಲಿಟ್ಟರೆ ಹೆಚ್ಚುಕಡಿಮೆ ಬೆಳಿಗ್ಗೆ ಹನ್ನೊಂದು ಗಂಟೆ. ಆರು ಗಂಟೆಯ ವಿಮಾನಕ್ಕೆ ಏಳು ಗಂಟೆ ಮುಂಚೆ ಮನೆ ಬಿಡಬೇಕಾಯಿತು. ಈ ಏಳು ಗಂಟೆಗಳಲ್ಲಿ ವೇಗದ ಹೆದ್ದಾರಿಯ ಮೇಲೆ ಕಳೆಯುವುದು ಐವತ್ತು ನಿಮಿಷ ಮಾತ್ರ. ಉಳಿದುದೆಲ್ಲ ಕಾಯುವ ಹೊತ್ತು, ತೆವಳುವ ಹೊತ್ತು, ಎಚ್ಚರದ ಹೊತ್ತು. ಪ್ರಯಾಣವನ್ನು ನಿರ್ಣಯಿಸುವುದು ಈ ಉಳಿದ ಹೊತ್ತೇ.

ಗಡಿಯಾರದ ಭೇದ

ದೇಶಾಂತರ ಹೋಗುವವರು ಅರಿಯಬೇಕಾದ ಇನ್ನೊಂದು ವಿಷಯವಿದೆ. ಟಿಕೆಟಿನಲ್ಲಿ ಮುದ್ರಿಸಿರುವ ಹೊರಡುವ ವೇಳೆಯು ಹೊರಡುವ ಊರಿನದು. ತಲಪುವ ವೇಳೆಯು ತಲಪುವ ಊರಿನದು. ದುಬೈಯ ಗಡಿಯಾರವು ಭಾರತದ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಹತ್ತು ಗಂಟೆಗೆ ಹೊರಟ ವಿಮಾನ ನಾಲ್ಕು ಗಂಟೆ ಹಾರಿದರೆ ಅಲ್ಲಿ ಹನ್ನೆರಡೂವರೆಯೆಂದು ತೋರುತ್ತದೆ. ಟಿಕೆಟನ್ನು ನೋಡಿ ಎರಡೂವರೆ ಗಂಟೆಯ ಪ್ರಯಾಣವೆಂದು ತಿಳಿದವನು ಮೋಸಹೋದನು. ಹಿಂತಿರುಗುವಾಗ ಅದೇ ನಾಲ್ಕು ಗಂಟೆ ಐದೂವರೆಯಾಗಿ ಕಾಣುತ್ತದೆ.

ಈ ಭೇದ ದೇಶದೊಳಗೂ ಇಲ್ಲದಿಲ್ಲ. ಅದನ್ನು ಮರೆಮಾಡಿದ್ದೇವೆ, ಅಷ್ಟೆ. ಭಾರತಕ್ಕೆಲ್ಲ ಒಂದೇ ಗಡಿಯಾರವೆಂಬ ನಿಯಮ ಬಂದುದು 1906ರ ಜನವರಿ 1ರಿಂದ. ಅದು 82 ಡಿಗ್ರಿ 30 ಮಿನಿಟಿನ ರೇಖಾಂಶವನ್ನು ಅವಲಂಬಿಸಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಮಂಡಕಳ್ಳಿಯ ಸೂರ್ಯಮಾನದ ಕಾಲವು ಗಡಿಯಾರಕ್ಕಿಂತ ಸುಮಾರು 23 ನಿಮಿಷ, ಅಂದರೆ ಹೆಚ್ಚುಕಡಿಮೆ ಒಂದು ಗಳಿಗೆ ಹಿಂದಿದೆ. ಎರಡು ನಿಲ್ದಾಣಗಳ ನಡುವಣ 63 ಮಿನಿಟುಗಳ ರೇಖಾಂಶಭೇದದಿಂದ ಅವೆರಡರ ಸೂರ್ಯಮಾನದ ಕಾಲದಲ್ಲಿ ನಾಲ್ಕು ನಿಮಿಷಗಳಷ್ಟು ವ್ಯತ್ಯಾಸವುಂಟು.

ದೂರ ಬಹಳವಾದಾಗ ನೇರ ದಾರಿಯ ಅರ್ಥವೂ ಬದಲಾಗುತ್ತದೆ. ಭೂಮಿ ಗೋಳಾಕಾರವಾದುದರಿಂದ ಭೂಪಟದ ಸರಳರೇಖೆ ಗೋಳದ ಮೇಲೆ ಅತಿ ಹ್ರಸ್ವವಾದ ದಾರಿಯಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಚಾಲಕರೇ ಉತ್ತರಧ್ರುವದ ಮೇಲಿನಿಂದ ನಡೆಸಿಕೊಂಡು ಬಂದರು. ಆ ದೂರ ಸುಮಾರು 14,000 ಕಿಲೋಮೀಟರು. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕೆಂದು ಭೂಪಟ ಹೇಳುವಲ್ಲಿ ಗೋಳವು ಉತ್ತರಕ್ಕೆ ಹೋಗೆನ್ನುತ್ತದೆ. ನಮ್ಮ 156 ಕಿಲೋಮೀಟರಿನಲ್ಲಿ ಈ ವ್ಯತ್ಯಾಸ ಗಣನೆಗೆ ಬಾರದಷ್ಟು ಸಣ್ಣದು. ಆದಕಾರಣವೇ ಮೇಲೆ ತ್ರಿಭುಜದ ಲೆಕ್ಕ ಸಾಕಾಯಿತು.

ಉಪಸಂಹಾರ

ಶರಣಪರಂಪರೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ಬಹು ಪ್ರಸಿದ್ಧವಾದುವು. ನಿಂತುದು ಸ್ಥಾವರ, ಚಲಿಸುವುದು ಜಂಗಮ. ಊರಿಂದೂರಿಗೆ ನಡೆದು ಜನರ ಸುಖದುಃಖಗಳನ್ನು ವಿಚಾರಿಸಿ ಅರಿವನ್ನು ಹಂಚುತ್ತಿದ್ದ ಜಂಗಮರಿಗೆ ನಡುವಣ ಊರು ಎಂಬುದೇ ಇರಲಿಲ್ಲ. ಅವರು ಕಾಲಿಟ್ಟ ಪ್ರತಿಯೊಂದು ಊರೂ ಸೇರಬೇಕಾದ ಊರೇ ಆಗಿತ್ತು. ಈ ಎರಡು ಮಾತುಗಳನ್ನು ಪ್ರಕೃತ ವಿಷಯಕ್ಕೆ ಅನ್ವಯಿಸಿದರೆ, ದೂರವು ಸ್ಥಾವರ. ಅದನ್ನು ಒಮ್ಮೆ ಅಳೆದರೆ ಮುಗಿಯಿತು. ಹೊತ್ತು ಜಂಗಮ, ಅದನ್ನು ಪ್ರತಿ ಪಯಣದಲ್ಲಿಯೂ, ಪ್ರತಿ ಹೊಸ್ತಿಲಿನಿಂದಲೂ ಹೊಸದಾಗಿ ಎಣಿಸಬೇಕು. ಕಾಯಕವನ್ನು ನಂಬಿದವನು ತನ್ನ ಹೊತ್ತನ್ನಷ್ಟೇ ಅಲ್ಲ, ತನಗಾಗಿ ಕಾದಿರುವವರ ಹೊತ್ತನ್ನೂ ಗೌರವಿಸುತ್ತಾನೆ. ಒಂದು ಗಳಿಗೆ ಮುಂಚೆ ಹೊರಡುವುದು ಆ ಗೌರವದ ಅತ್ಯಂತ ಸುಲಭವಾದ ರೂಪ.

ಅಭ್ಯಾಸ

1. ಮದ್ದೂರಿನ ಅಕ್ಷಾಂಶ 12 ಡಿಗ್ರಿ 35 ಮಿನಿಟು, ರೇಖಾಂಶ 77 ಡಿಗ್ರಿ 3 ಮಿನಿಟು. ಅಲ್ಲಿಂದ ಮಂಡಕಳ್ಳಿಯ ನಿಲ್ದಾಣಕ್ಕೆ ನೇರ ದೂರವೆಷ್ಟು? ರಸ್ತೆಯ ದೂರಕ್ಕೂ ಇದಕ್ಕೂ ಇರುವ ವ್ಯತ್ಯಾಸಕ್ಕೆ ಕಾರಣವೇನು?

2. ಒಂದು ಯಾಮಕ್ಕೆ ಎಷ್ಟು ನಿಮಿಷ? ಅಷ್ಟು ಹೊತ್ತಿನಲ್ಲಿ ನಡೆಯುವವನು, ಸೈಕಲ್ಲಿನವನು, ರೈಲಿನವನು ಎಷ್ಟೆಷ್ಟು ದೂರ ಹೋಗಬಲ್ಲರು?

3. ನಿಮ್ಮ ಮನೆಯ ಹೊಸ್ತಿಲಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಬೆಳಗಿನ ಎಂಟು ಗಂಟೆಯ ವಿಮಾನಕ್ಕಾಗಿ ಹೋಗಬೇಕಾಗಿದೆ. ಗುರಿಯಿಂದ ಮನೆಯ ಕಡೆಗೆ ಲೆಕ್ಕ ಹಾಕಿ, ಯಾವ ಹೊತ್ತಿಗೆ ಹೊರಡಬೇಕೆಂಬುದನ್ನು ಬರೆಯಿರಿ. ಕಾಯುವ ಹೊತ್ತನ್ನೂ ಓಡುವ ಹೊತ್ತನ್ನೂ ಬೇರೆ ಬೇರೆಯಾಗಿ ತೋರಿಸಿರಿ.